ನಲವತ್ತೈದು ವರ್ಗಗಳಿಗೂ ಒಬ್ಬಳೇ ಅವ್ವ

ಮಾಯಣ್ಣ ಮಾವ ತಿರುಪ್ಪೂರಿನ ಹೋಟೆಲೊಂದರಲ್ಲಿ ನಡೆದ ಆ ಸಭೆಗೆ ಹೋದದ್ದು ಊಟಕ್ಕೆ. ಇದನ್ನು ಅವರೂ ಮುಚ್ಚಿಟ್ಟಿಲ್ಲ. ಊಟ ಚೆನ್ನಾಗಿತ್ತಂತೆ. ಆದರೆ ಅದಕ್ಕೆ ಮೊದಲು ಕೋಟು ತೊಟ್ಟ ಒಬ್ಬರು ‘ನಿಮ್ಮ ಬ್ರ್ಯಾಂಡನ್ನು ಕಾಯುವುದು ಹೇಗೆ’ ಎಂದು ಪರದೆಯ ಮೇಲೆ ಚಿತ್ರ ತೋರಿಸುತ್ತ ಮಾತನಾಡಿದರಂತೆ. ಏಸಿ ತಣ್ಣಗಿದ್ದದ್ದರಿಂದಲೂ ಊಟದ ಕೋಣೆಯ ಬಾಗಿಲು ಇನ್ನೂ ತೆರೆಯದೆ ಇದ್ದದ್ದರಿಂದಲೂ ಮಾವ ಕೇಳಿಸಿಕೊಂಡರಂತೆ. ಸಂಜೆ ನಮ್ಮೂರು ಅವಿನಾಶಿಗೆ ಮರಳಿದಾಗ ಅವರ ಕಂಕುಳಲ್ಲಿ ಒಂದು ಫೈಲು, ಜೇಬಿನಲ್ಲಿ ಒಂದು ಬಿಟ್ಟಿ ಪೆನ್ನು, ಮುಖದಲ್ಲಿ ಕನ್ನಡ ಮನೆಮಾತಿನ ನಮ್ಮ ನೇಕಾರರ ಬೀದಿ ಅದುವರೆಗೆ ಕಂಡಿರದ ಒಂದು ಗುಮಾನಿ ಇದ್ದವು.

‘ನಮ್ಮ ಮಾರ್ಕನ್ನ ಯಾರೋ ಕದೀತಾವ್ರೆ,’ ಎಂದರು, ಚಪ್ಪಲಿ ಬಿಡುವ ಮೊದಲೇ.

‘ಯಾರು?’ ಎಂದಳು ಪಕ್ಕದ ಮನೆಯ ಕಾಮಾಕ್ಷಿಯಮ್ಮ.

‘ಅದು ಗೊತ್ತಿದ್ರೆ ಕಾಯೋದು ಯಾಕೆ?’

ಕದಿಯಲು ಯೋಗ್ಯವೆಂದು ಮಾವ ನಂಬಿದ್ದ ಮಾರ್ಕು ಯಾವುದೆಂದು ಹೇಳಬೇಕು. ಅವರದು ಪವರ್‌ಲೂಮ್ ಶೆಡ್ಡು, ನೇಯುವುದು ತುಂಡು. ತುಂಡು ಎಂದರೆ ನಮ್ಮ ಕಡೆ ಗಂಡಸರು ಹೆಗಲ ಮೇಲೆ ಹಾಕಿಕೊಳ್ಳುವ ಬಿಳಿ ಟವೆಲು. ಮದುವೆಯಲ್ಲಿ ತಾಂಬೂಲದ ಜೊತೆ ಕೊಡುವುದೂ ಅದನ್ನೇ. ಅದರ ಮೂಲೆಯಲ್ಲಿ ಅಂಟಿಸುವ ಲೇಬಲ್ಲಿನ ಮೇಲೆ ಮಾವನ ತಾಯಿ ಜಾನಮ್ಮಜ್ಜಿಯ ಮುಖ. ಹೆಸರು ‘ಜಾನಮ್ಮ ಮಾರ್ಕ್’.

ಮೊದಲ ಸಲ ಅಚ್ಚಾದ ಲೇಬಲ್ಲಿನಲ್ಲಿ ಅಜ್ಜಿ ಇದ್ದ ಹಾಗೆಯೇ ಇದ್ದಳು: ಜೋತ ಕಿವಿ, ಎರಡು ಹಲ್ಲಿನ ಜಾಗ ಖಾಲಿ, ಹಣೆ ಬರಿದು. ತಾತ ಹೋಗಿ ಬಹಳ ಕಾಲವಾಗಿತ್ತು. ಆ ಕಂತೆಗಳೆಲ್ಲ ಅಂಗಡಿಗಳಿಂದ ವಾಪಸು ಬಂದವು. ‘ಮಾಯಣ್ಣ, ಇದು ಮದುವೆಗೆ ಕೊಡೋ ಸಾಮಾನು. ಪೊಟ್ಟು ಇಲ್ಲದ ಅಜ್ಜಿಯ ಮುಖ ಇಟ್ಟು ಕೊಟ್ಟರೆ ಹೆಣ್ಣಿನ ಕಡೆಯವರು ನಮ್ಮನ್ನ ಹೊಡೀತಾರೆ,’ ಎಂದರು ಅಂಗಡಿಯವರು. ಮಾವ ಫ್ಲೆಕ್ಸ್ ಅಂಗಡಿಯ ಮುರುಗೇಶನ್ ಬಳಿಗೆ ಓಡಿದರು. ಮುರುಗೇಶನ್ ಕಂಪ್ಯೂಟರಿನಲ್ಲಿ ಅಜ್ಜಿಗೆ ಕಾಸಗಲದ ಬೊಟ್ಟು ಇಟ್ಟ. ಮುಡಿಗೆ ಮಲ್ಲಿಗೆ ಹಾಕಿದ. ಶುರು ಮಾಡಿದ ಮೇಲೆ ಅವನಿಗೆ ಕೈ ತಡೆಯಲಿಲ್ಲ. ಹಲ್ಲು ತುಂಬಿಸಿ, ಸುಕ್ಕು ಒರೆಸಿ, ಜುಮುಕಿ ತೂಗುಹಾಕಿ, ಬಣ್ಣವನ್ನೂ ಒಂದಿಷ್ಟು ತಿಳಿ ಮಾಡಿದ. ತುಂಡು ಮಾರಾಟವಾಗತೊಡಗಿತು.

ಹೊಸ ಲೇಬಲ್ಲನ್ನು ಅಜ್ಜಿಗೆ ತೋರಿಸಿದಾಗ ಅವಳು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ‘ಲಕ್ಷಣವಾಗವ್ಳೆ. ಯಾರ ಮನೆ ಹೆಣ್ಣು?’ ಎಂದು ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, ‘ಆ ಮುರುಗೇಶನ್ ಹತ್ರ ಸುಮ್ಮ ಒಂದು ಫೋಟೋ ಕೊಟ್ಟು ನೋಡು, ನನ್ನ ಕಣ್ಣು. ನಿನಗೂ ಬೊಟ್ಟು ಇಡಿಸಿಬುಡ್ತಾನೆ. ದೇವರಿಗಿಂತ ಸಲೀಸು,’ ಎಂದಳು.

ನಾನು ಎದುರು ಮನೆಯವಳು. ಕೋಯಮತ್ತೂರಿನಲ್ಲಿ ಎಂ.ಎ. ಮಾಡಿ, ಮದುವೆಯಾಗಿ ಹೋಗಿ, ಬೇಗನೆ ಬರಿ ಹಣೆಯಲ್ಲಿ ಒಬ್ಬಳೇ ವಾಪಸು ಬಂದವಳು. ಮಾಯಣ್ಣ ಮಾವ ನನ್ನನ್ನು ಜನರಿಗೆ ಪರಿಚಯಿಸುವುದು ‘ನಮ್ಮ ಕಂಪನಿಯ ಇಂಗ್ಲಿಷ್ ಡಿಪಾರ್ಟ್‌ಮೆಂಟ್’ ಎಂದು. ಹೀಗಾಗಿ ಮಾರ್ಕನ್ನು ಕಾಯುವ ಕೆಲಸಕ್ಕೆ ಮಾವನ ಜೊತೆ ನಾನೂ ಹೊರಡಬೇಕಾಯಿತು.

ಕೋಯಮತ್ತೂರಿನ ವಕೀಲರ ಹೆಸರು ವಸಂತಕುಮಾರ್. ಮೆದು ಮಾತಿನ, ತೆಳ್ಳಗಿನ ಮನುಷ್ಯ. ಮಾರ್ಕನ್ನು ನೋಂದಾಯಿಸಲು ಅರ್ಜಿ ಹಾಕಿದ್ದೂ ಅವರೇ. ಪ್ರತಿ ವಾರ ಸರ್ಕಾರ ಹೊಸ ಮಾರ್ಕುಗಳನ್ನೆಲ್ಲ ಪ್ರಕಟಿಸುತ್ತದೆ, ನಮ್ಮ ಮಾರ್ಕನ್ನು ಹೋಲುವುದು ಏನಾದರೂ ಅದರಲ್ಲಿದ್ದರೆ ಕಂಪ್ಯೂಟರು ಹಿಡಿದುಕೊಡುತ್ತದೆ, ಆಗ ನಾವು ತಕರಾರು ಹಾಕಬಹುದು ಎಂದು ಅವರು ತಮಿಳಿನಲ್ಲಿ ನಿಧಾನವಾಗಿ ವಿವರಿಸಿದರು. ‘ನಿಮ್ಮದು ಇಪ್ಪತ್ನಾಲ್ಕನೇ ವರ್ಗ ಸಾರ್, ಜವಳಿ. ಆ ವರ್ಗಕ್ಕೆ ಕಾವಲು ಹಾಕಿದರೆ ಸಾಕು.’

‘ಒಟ್ಟು ಎಷ್ಟು ವರ್ಗ ಇವೆ?’

‘ನಲವತ್ತೈದು.’

‘ಹಾಗಾದರೆ ನಲವತ್ತೈದಕ್ಕೂ ಹಾಕಿ.’

‘ಅಷ್ಟು ಬೇಡ ಸಾರ್. ಹದಿಮೂರನೇ ವರ್ಗ ಬಂದೂಕು, ಪಟಾಕಿ.’

‘ಬಂದೂಕಿನ ಮೇಲೆ ನಿಮ್ಮ ತಾಯಿಯ ಮುಖ ಹಾಕಿದರೆ ನೀವು ಸುಮ್ಮನೆ ಇರ್ತೀರಾ?’

ವಸಂತಕುಮಾರ್ ಒಂದು ಕ್ಷಣ ತಮ್ಮ ತಾಯಿಯನ್ನು ನೆನೆದಂತೆ ಕಂಡಿತು. ಆಮೇಲೆ ನಲವತ್ತೈದು ಎಂದು ಬರೆದುಕೊಂಡರು.

ಕಂಪ್ಯೂಟರು ಸೋಮಾರಿಯಲ್ಲ. ವಾರವಾರವೂ ನನ್ನ ಫೋನಿಗೆ ಎಚ್ಚರಿಕೆಗಳು ಬರತೊಡಗಿದವು. ಒಂದು ಪೊರಕೆಯ ಮೇಲಿನ ಅಜ್ಜಿ. ಒಂದು ತಲೆನೋವಿನ ಮುಲಾಮಿನ ಅಜ್ಜಿ. ಒಮ್ಮೆ ರುಮಾಲು ಸುತ್ತಿದ ರಾಜಸ್ಥಾನದ ತಾತ. ಮಾವ ಕೊನೆಯದಕ್ಕೆ ತುಂಬ ನೊಂದುಕೊಂಡರು. ‘ಮೀಸೆ ಅದೆ ತಾನೆ? ಕಂಪ್ಯೂಟರಿಗೆ ಕಣ್ಣಿಲ್ವಾ?’ ಎಂದು ವಕೀಲರಿಗೆ ಫೋನು ಮಾಡಿಸಿದರು.

ಕಂಪ್ಯೂಟರನ್ನು ಪೂರ್ತಿ ನಂಬಲಾಗದೆ ತಾವೇ ಗಸ್ತು ಶುರು ಮಾಡಿದರು. ಸಂತೆಯಲ್ಲಿ ಉಪ್ಪಿನಕಾಯಿ ಡಬ್ಬಿಗಳನ್ನು ತಿರುಗಿಸಿ ನೋಡಿದರು. ಮದುವೆಯ ಫ್ಲೆಕ್ಸುಗಳ ಕೆಳಸಾಲಿನಲ್ಲಿ ಆಶೀರ್ವದಿಸುವ ಮುದುಕಿಯರನ್ನೆಲ್ಲ ಪರೀಕ್ಷಿಸಿದರು. ಒಂದು ದಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ತೀರಿಕೊಂಡ ಒಬ್ಬ ಅಜ್ಜಿಯ ಕಣ್ಣೀರಂಜಲಿ ಪೋಸ್ಟರಿನ ಮುಂದೆ ನಿಂತು, ಜೇಬಿನಿಂದ ನಮ್ಮ ಲೇಬಲ್ ತೆಗೆದು ಪಕ್ಕದಲ್ಲಿ ಹಿಡಿದು, ತಲೆಯನ್ನು ಆಚೀಚೆ ವಾಲಿಸಿ ನೋಡುತ್ತಿದ್ದರು. ಇಷ್ಟು ಹೊತ್ತು ನಿಂತವರು ಹತ್ತಿರದ ಬಂಧುವೇ ಇರಬೇಕೆಂದು ಆ ಮನೆಯವರು ಅವರನ್ನು ಒಳಗೆ ಕರೆದು, ಕುರ್ಚಿ ಹಾಕಿ, ಕಾಫಿ ಕೊಟ್ಟರು.

‘ನೀವು ಅಮ್ಮನಿಗೆ ಏನಾಗಬೇಕುಂಗ?’ ಎಂದು ಸತ್ತವಳ ಮಗ ನಮ್ಮ ಕಡೆಯ ಮರ್ಯಾದೆಯ ‘ಉಂಗ’ ಸೇರಿಸಿ ಕೇಳಿದ.

‘ಏನೂ ಆಗಬೇಕಾಗಿಲ್ಲ,’ ಎಂದರು ಮಾವ ಸಮಾಧಾನದ ಧ್ವನಿಯಲ್ಲಿ. ‘ಇವರಿಂದ ನಮಗೆ ತೊಂದರೆ ಇಲ್ಲ ಅಂತ ಖಾತ್ರಿ ಆಯ್ತು.’

ಕಾಫಿ ಲೋಟವನ್ನು ಅವರ ಕೈಯಿಂದ ಅರ್ಧದಲ್ಲೇ ತೆಗೆದುಕೊಂಡರಂತೆ.

ಈ ನಡುವೆ ಕೋಯಮತ್ತೂರಿನ ಒಪ್ಪಣಕಾರ ಬೀದಿಯ ದೊಡ್ಡ ಜವಳಿ ಅಂಗಡಿಯೊಂದು ಮದುವೆ ಕಾಲಕ್ಕೆ ಜಾನಮ್ಮ ಮಾರ್ಕ್ ತುಂಡನ್ನು ತನ್ನೆಲ್ಲ ಶಾಖೆಗಳಲ್ಲೂ ಇಡಲು ಒಪ್ಪಿತು. ಮಾವನ ಜೀವನದಲ್ಲೇ ಅಂಥ ಆರ್ಡರು ಬಂದಿರಲಿಲ್ಲ. ಶೆಡ್ಡಿನ ಎಲ್ಲ ಮಗ್ಗಗಳೂ ವರ್ಷಪೂರ್ತಿ ಓಡುವಷ್ಟು ಕೆಲಸ. ಅಂಗಡಿಯದು ಒಂದೇ ಷರತ್ತು: ಮಾರ್ಕಿನ ಮೇಲೆ ಯಾರದೂ ತಂಟೆ ಇರಬಾರದು. ‘ಇದಕ್ಕೇ ನಾನು ಕಾದದ್ದು,’ ಎಂದರು ಮಾವ, ಇಡೀ ಬೀದಿಗೆ ಕೇಳುವ ಹಾಗೆ.

ಆ ವಾರವೇ ಎಚ್ಚರಿಕೆ ಬಂತು.

ವರ್ಗ ಮೂವತ್ತು. ಅರ್ಜಿದಾರರು ಜೆ.ಎಂ. ಫುಡ್ಸ್, ಕಿಣತ್ತುಕಡವು. ಸರಕು, ಹುರುಳಿ ಪುಡಿ. ಚಿತ್ರದಲ್ಲಿ ಜೋತ ಕಿವಿಯ ಒಬ್ಬ ಅಜ್ಜಿ, ಬರಿದು ಹಣೆ, ಎರಡು ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು ನಗುತ್ತಿದ್ದಳು. ನಾನು ಫೋನಿನಿಂದ ತಲೆ ಎತ್ತಿದೆ. ಎದುರು ಜಗಲಿಯ ಮೇಲೆ ಅದೇ ಅಜ್ಜಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನನ್ನನ್ನು ನೋಡಿ ಒಂದು ಕಣ್ಣು ಮುಚ್ಚಿ ತೆರೆದಳು.

ಮಾವ ಫೋನು ಕಿತ್ತುಕೊಂಡು ಒಂದು ಕೈಯಲ್ಲಿ ಅದನ್ನೂ ಇನ್ನೊಂದರಲ್ಲಿ ಲೇಬಲ್ಲನ್ನೂ ಹಿಡಿದರು.

‘ಇದು ನಮ್ಮವ್ವ ಅಲ್ಲ,’ ಎಂದರು ಬಹಳ ಹೊತ್ತಿನ ಮೇಲೆ. ‘ಆದ್ರೆ ಅವ್ವನ ತರಾನೇ ಮಾಡೋಕೆ ನೋಡವ್ರೆ. ಮೂಗು ನೋಡು, ಗದ್ದ ನೋಡು. ನಕಲಿಗೆ ಲಕ್ಷಣ ಎಲ್ಲಿ ಬರುತ್ತೆ? ಹಲ್ಲೇ ಇಲ್ಲ. ಜುಮುಕಿ ಇಲ್ಲ.’

‘ಸರಿಯಾಗಿ ನೋಡಿ ಮಾವ,’ ಎಂದೆ.

‘ಸರಿಯಾಗೇ ನೋಡ್ತಾ ಇದೀನಿ. ದಿನಾ ಸಾವಿರ ಲೇಬಲ್ ನೋಡೋ ಕಣ್ಣು ಇದು. ನನಗೇ ಮೋಸಾನಾ?’ ಅವರು ಜಗಲಿಗೆ ಹೋಗಿ ಫೋನನ್ನು ತಾಯಿಯ ಮೂಗಿನ ಮುಂದೆ ಹಿಡಿದರು. ‘ಅವ್ವ, ಈ ಮುದುಕೀನ ಎಲ್ಲಾದ್ರೂ ಕಂಡಿದ್ದೀಯಾ?’

ಜಾನಮ್ಮಜ್ಜಿ ಸೆರಗಿನಿಂದ ಕೈ ಒರೆಸಿಕೊಂಡು ನೋಡಿದಳು. ‘ಎಲ್ಲೋ ಕಂಡಂಗೆ ಅದೆ. ಒಳ್ಳೆ ಮನೆಯವಳ ತರ ಕಾಣ್ತಾಳೆ. ಬುಟ್ಬುಡು ಪಾಪ.’

‘ಬಿಡೋದಾ? ಇವಳನ್ನಾ?’

ಕಾಮಾಕ್ಷಿಯಮ್ಮ ಎಂದಿನಂತೆ ಅದೇ ಹೊತ್ತಿಗೆ ಬಂದಳು. ಫೋನಿನಲ್ಲಿ ಇಣುಕಿದಳು, ಅಜ್ಜಿಯನ್ನು ನೋಡಿದಳು, ಬಾಯಿ ತೆರೆದಳು. ಅಜ್ಜಿ ಬೆಳ್ಳುಳ್ಳಿಯ ಚಾಕುವನ್ನು ನಿಧಾನವಾಗಿ ನೆಲಕ್ಕಿಟ್ಟು ಅವಳನ್ನೇ ನೋಡಿದಳು. ಕಾಮಾಕ್ಷಿಯಮ್ಮ ತೆರೆದ ಬಾಯಿಯಿಂದ, ‘ಇವತ್ತು ಬಿಸಿಲು ಜಾಸ್ತಿ,’ ಎಂದು ಹೊರಟುಹೋದಳು. ಅಂಥ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವಳು ಆ ವಾರವೆಲ್ಲ ಸರಿಯಾಗಿ ಊಟ ಮಾಡಲಿಲ್ಲವೆಂದು ಆಮೇಲೆ ತಿಳಿಯಿತು.

ಪುಡಿಗೂ ತುಂಡಿಗೂ ಸಂಬಂಧವಿಲ್ಲ, ಬಿಟ್ಟುಬಿಡಿ ಎಂದು ವಸಂತಕುಮಾರ್ ಫೋನಿನಲ್ಲಿ ಹೇಳಿದರು. ಮಾವ ಕೇಳಲಿಲ್ಲ. ನೋಟೀಸು ಕಳಿಸುವ ಮೊದಲು ಕಳ್ಳಿಯನ್ನು ಕಣ್ಣಾರೆ ಕಾಣಬೇಕೆಂದು ಮರುದಿನ ನನ್ನನ್ನು ಕರೆದುಕೊಂಡು ಹೊರಟರು. ಕೋಯಮತ್ತೂರಿನ ಗಾಂಧಿಪುರದಲ್ಲಿ ಇಳಿದು, ಟೌನ್ ಬಸ್ಸಿನಲ್ಲಿ ಉಕ್ಕಡಕ್ಕೆ ಹೋಗಿ, ಪೊಳ್ಳಾಚಿ ಬಸ್ಸು ಹಿಡಿದು ನಾವು ಕಿಣತ್ತುಕಡವು ತಲುಪಿದೆವು. ದಾರಿಯುದ್ದಕ್ಕೂ ಮಾವ ಕಿಟಕಿಯಿಂದ ಮುದುಕಿಯರನ್ನು ನೋಡುತ್ತಿದ್ದರು. ಎದುರಿನ ಸೀಟಿನಲ್ಲಿದ್ದ ಒಬ್ಬಾಕೆ ಸೆರಗು ಹೊದ್ದುಕೊಂಡು ಬೇರೆ ಕಡೆ ಹೋಗಿ ಕೂತಳು.

ಹೆದ್ದಾರಿಯ ಪಕ್ಕದ ಎಳನೀರಿನವನಿಗೆ ಮಾವ ಫೋನು ತೋರಿಸಿದರು.

‘ಓ, ಈ ಆತ್ತಾ, ಈ ಅಜ್ಜಿನಾ? ಗೊತ್ತುಂಗ. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬರ್ತಾರೆ. ನನ್ನ ಹತ್ರ ಎಳನೀರು ಕುಡಿದು, ಚೌಕಾಸಿ ಮಾಡಿ, ಅರ್ಧ ಕಾಸು ಕೊಟ್ಟು ಹೋಗ್ತಾರೆ.’

‘ಎಲ್ಲಿಂದ ಬರ್ತಾಳೆ?’

‘ಅವಿನಾಶಿ ಕಡೆಯಿಂದ ಅಂದಂಗೆ ನೆನಪು.’

ಮಾವ ನನ್ನ ಕಡೆ ತಿರುಗಿದರು. ಅವರ ಮುಖದ ಬಣ್ಣ ಇಳಿದಿತ್ತು. ‘ನೋಡಿದ್ಯಾ? ನಮ್ಮೂರಿಗೇ ಬಂದು, ನಮ್ಮವ್ವನ ಮುಖ ನೋಡ್ಕೊಂಡು, ಅಭ್ಯಾಸ ಮಾಡ್ಕೊಂಡು ಹೋಗ್ತಾವ್ಳೆ.’

ನಾನು ಎಳನೀರು ಕುಡಿದೆ. ಇಂಗ್ಲಿಷ್ ಡಿಪಾರ್ಟ್‌ಮೆಂಟಿಗೆ ಅಲ್ಲಿ ಬೇರೆ ಕೆಲಸವಿರಲಿಲ್ಲ.

ಜೆ.ಎಂ. ಫುಡ್ಸ್ ಎಂದರೆ ಹಿಂದಿನ ಬೀದಿಯ ಒಂದು ತಗಡಿನ ಶೆಡ್ಡು. ಬೀಗ ಹಾಕಿತ್ತು. ಒಳಗಿನಿಂದ ಹುರಿದ ಹುರುಳಿಯ ಘಮ ಬರುತ್ತಿತ್ತು. ಆ ಘಮಕ್ಕೆ ಹಸಿವಾಗಿ ಮಾವ, ಎರಡು ಬೀದಿ ಆಚೆಗಿದ್ದ ತಮ್ಮ ಕಿರಿಯ ತಂಗಿ ಇಂದುಜಾಳ ಮನೆಗೆ ಊಟಕ್ಕೆ ನಡೆದರು. ಆ ಊರಿಗೆ ಸೊಸೆಯಾಗಿ ಬಂದ ಇಂದುಜಾ ನೀಲಿ ಬಾಗಿಲಲ್ಲಿ ಅಣ್ಣನನ್ನು ಕಂಡು ಒಮ್ಮೆ ಒಳಗೆ ಓಡಿ, ಏನನ್ನೋ ಮಂಚದ ಕೆಳಗೆ ತಳ್ಳಿ, ಹೊರಗೆ ಬಂದು, ‘ಬಾಣ್ಣ, ಬಾ,’ ಎಂದಳು.

ಬಿಸಿ ಅನ್ನಕ್ಕೆ ಎಳ್ಳೆಣ್ಣೆ ಬಿಟ್ಟು ಹುರುಳಿ ಪುಡಿ ಹಾಕಿದಳು. ಮಾವ ಕಲಸಿ ಬಾಯಿಗಿಟ್ಟು ಕಣ್ಣು ಮುಚ್ಚಿದರು.

‘ಅವ್ವನ ಕೈ ರುಚಿ,’ ಎಂದರು.

‘ಆಮಾ ಅಣ್ಣ,’ ಎಂದಳು ಇಂದುಜಾ. ‘ಅವ್ವನದೇ ಪುಡಿ.’

‘ಈ ಊರಲ್ಲಿ ಯಾವಳೋ ಹುರುಳಿ ಪುಡಿ ಮಾರ್ತಾವ್ಳಂತೆ. ತಿಂದು ನೋಡಿದ್ದೀಯಾ?’

‘ಏನೋ, ಪರವಾಗಿಲ್ಲ.’

‘ಇದರ ಕಾಲು ಭಾಗ ಇರಲ್ಲ, ಬುಡು. ಒಬ್ಬಳು ಮುದುಕಿ ಮುಖ ಬೇರೆ ಹಾಕವ್ಳೆ. ಬೋಳು ಹಣೆ. ಹಲ್ಲಿಲ್ಲ. ಕಳ್ಳ ಕಣ್ಣು.’

ಇಂದುಜಾ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. ‘ಕಳ್ಳ ಕಣ್ಣಾ?’

‘ನೋಡಿದ್ರೇ ಗೊತ್ತಾಗುತ್ತೆ. ಯಾರಿಗೂ ಒಳ್ಳೇದು ಬಯಸದ ಮುಖ.’

‘ಅಣ್ಣ, ಇನ್ನೊಂಚೂರು ಅನ್ನ ಹಾಕ್ಲಾ? ಬಾಯಿ ಖಾಲಿ ಬಿಡಬೇಡ.’

‘ಹಾಕು. ನೋಟೀಸು ಬಿಡ್ತೀನಿ. ಬಗ್ಗದಿದ್ರೆ ಆ ಮುದುಕೀನ ಕೋರ್ಟಿನ ಮೆಟ್ಟಿಲು ಹತ್ತಿಸ್ತೀನಿ.’

‘ಹತ್ತಿಸು,’ ಎಂದಳು ಇಂದುಜಾ. ‘ಮೆಟ್ಟಿಲು ಹತ್ತುವಾಗ ಅವರಿಗೆ ಮಂಡಿ ನೋವಂತೆ. ಕೈ ಹಿಡ್ಕೊ.’ ನನಗೆ ಕೆಮ್ಮು ಬಂತು. ಅವಳು ನನ್ನ ಮುಂದೆ ನೀರು ಇಟ್ಟು, ಮಾವ ಕೈ ತೊಳೆಯಲು ಎದ್ದಾಗ ಒಂದು ಡಬ್ಬಿ ಪುಡಿಯನ್ನು ಲೇಬಲ್ ಕಿತ್ತು, ಹಳೆಯ ಪೇಪರಿನಲ್ಲಿ ಸುತ್ತಿ ಅಣ್ಣನಿಗೆ ಕೊಟ್ಟಳು. ಮಾವ ಅದನ್ನು ಅವಿನಾಶಿಯವರೆಗೂ ತೊಡೆಯ ಮೇಲಿಟ್ಟುಕೊಂಡು ಬಂದರು.

ನೋಟೀಸು ಹೋಯಿತು. ಉತ್ತರ ಬಂತು. ವಸಂತಕುಮಾರ್ ನಮ್ಮನ್ನು ಕರೆಸಿ, ಕನ್ನಡಕವನ್ನು ಎರಡು ಸಲ ಒರೆಸಿದರು.

‘ಸಾರ್, ನಿಮ್ಮ ತಾಯಿಯ ಹೆಸರು ಜಾನಮ್ಮ ಅಲ್ಲವೇ?’

‘ಹೌದು.’

‘ಈ ಚಿತ್ರದಲ್ಲಿ ಇರುವವರ ಹೆಸರೂ ಜಾನಮ್ಮ.’

ಮಾವ ಮೇಜಿನ ಮೇಲೆ ಗುದ್ದಿದರು. ‘ಹೆಸರೂ ಕದ್ದಳಾ?’

‘ವಿಳಾಸ, ನೇಕಾರರ ಬೀದಿ, ಅವಿನಾಶಿ. ನಿಮ್ಮ ಮನೆಯ ನಂಬರೇ.’

‘ವಿಳಾಸವನ್ನೂ ಬಿಟ್ಟಿಲ್ಲ. ಬರೆದುಕೊಳ್ಳಿ ಸಾರ್, ಎಲ್ಲವನ್ನೂ ಬರೆದುಕೊಳ್ಳಿ.’

ವಕೀಲರು ನನ್ನ ಕಡೆ ನೋಡಿದರು. ಆಗ ನಾನು, ಅದು ಜಾನಮ್ಮಜ್ಜಿಯೇ, ಜೆ.ಎಂ. ಫುಡ್ಸ್ ಇಂದುಜಾಳದು, ಫೋಟೋದಲ್ಲಿ ಹಿಂದೆ ಕಾಣುವ ನೀಲಿ ಬಾಗಿಲು ನಾವು ಊಟ ಮಾಡಿದ ಮನೆಯದು ಎಂದು ಹೇಳಿದೆ. ಮಾವ ಫೋನನ್ನು ಮತ್ತೆ ನೋಡಿದರು. ಜೇಬಿನಿಂದ ಲೇಬಲ್ ತೆಗೆದು ನೋಡಿದರು. ಅವರ ಬಾಯಿ ಏನೋ ಲೆಕ್ಕ ಮಾಡುವಂತೆ ಅಲುಗಾಡಿತು.

‘ನಮ್ಮವ್ವನಿಗೆ ಹಲ್ಲಿಲ್ವಾ?’ ಎಂದು ಕೇಳಿದರು.

‘ಇನ್ನೊಂದು ವಿಷಯ ಸಾರ್,’ ಎಂದರು ವಸಂತಕುಮಾರ್ ಇನ್ನೂ ಮೆದುವಾಗಿ. ‘ಬದುಕಿರುವವರ ಮುಖವನ್ನು ಮಾರ್ಕಿಗೆ ಹಾಕಬೇಕಾದರೆ ಅವರ ಒಪ್ಪಿಗೆ ಪತ್ರ ಬೇಕು. ನಿಮ್ಮ ತಂಗಿಯ ಹತ್ತಿರ ಇದೆ. ನಮ್ಮದನ್ನು ಇಲಾಖೆಯವರು ಕೇಳಿದ್ದಾರೆ, ನಿಮಗೆ ಎರಡು ಸಲ ಹೇಳಿದ್ದೆ. ಅದಿಲ್ಲದೆ ಮಾರ್ಕು ಇಲ್ಲ.’

ಮಾರ್ಕಿಲ್ಲದೆ ಒಪ್ಪಣಕಾರ ಬೀದಿಯ ಆರ್ಡರೂ ಇಲ್ಲ.

ಸಂಜೆ ಜಗಲಿಯ ಮುಂದೆ ನಡೆದದ್ದನ್ನು ನೋಡಲು ಬೀದಿಯ ಮಗ್ಗಗಳೆಲ್ಲ ನಿಂತವು. ಕಾಮಾಕ್ಷಿಯಮ್ಮ ಮೊದಲೇ ಬಂದು ಕಂಬಕ್ಕೆ ಒರಗಿ ಕೂತಿದ್ದಳು. ಕೊನೆಗೂ ಅವಳಿಗೆ ಹಸಿವಾಗಿತ್ತೆಂದು ಕಾಣುತ್ತದೆ, ಮಡಿಲಲ್ಲಿ ಚಕ್ಕುಲಿಯಂಥ ಮುರುಕು ಇತ್ತು.

‘ಅವ್ವ,’ ಎಂದರು ಮಾವ, ‘ನನ್ನ ಒಂದು ಮಾತು ಕೇಳದೆ ನೀನು ನಿನ್ನ ಮುಖ ಕೊಟ್ಟುಬಿಟ್ಯಾ?’

ಆ ಮಾತಿಗೆ ಬೀದಿಯವರೆಲ್ಲ ಅಜ್ಜಿಯ ಕಡೆ ತಿರುಗಿದರು. ಆಡಿದವರಿಗೆ ಮಾತ್ರ ಅದು ಸರಿಯಾಗಿ ಕೇಳಿಸಿದಂತಿರಲಿಲ್ಲ.

‘ನೀನು ನನ್ನ ಕೇಳಿದ್ಯಾ?’ ಎಂದಳು ಅಜ್ಜಿ.

‘ಮಗ ಕೇಳಬೇಕಾ ಅವ್ವ?’

‘ಮಗಳು ಕೇಳಿದಳು. ಬಸ್ಸಿಗೆ ಕಾಸು ಕೊಟ್ಟಳು. ಹೊಸ ಸೀರೆ ತೆಗೆದುಕೊಟ್ಟಳು. ಬಾಯಿಗೆ ಕೈ ಅಡ್ಡ ಹಿಡಿದ್ರೆ ತೆಗೆದು, ಹಲ್ಲಿಲ್ಲದಿದ್ರೆ ಏನವ್ವ, ನಗು ಅಂದಳು. ನೀನು ಏನು ಕೊಟ್ಟೆ?’

‘ಹೆಸರು ತಂದುಕೊಟ್ಟೆ. ಊರೂರಲ್ಲಿ ನಿನ್ನ ಮುಖ ಅದೆ.’

‘ಅದು ಮುರುಗೇಶನ್ ಮುಖ.’

ಕಾಮಾಕ್ಷಿಯಮ್ಮ ಮುರುಕು ಕಡಿದ ಸದ್ದು ಎಲ್ಲರಿಗೂ ಕೇಳಿಸಿತು. ‘ಅವ್ವ ಹೇಳೋದು ನ್ಯಾಯ ತಾನೆ,’ ಎಂದಳು.

ಮಾವ ಜಗಲಿಯ ಅಂಚಿನಲ್ಲಿ ಕೂತರು. ಆರ್ಡರು, ಶೆಡ್ಡು, ನೂಲಿನ ಅಂಗಡಿಗೆ ಕೊಟ್ಟ ಮಾತು ಎಲ್ಲವನ್ನೂ ಹೇಳಿದರು. ಅಜ್ಜಿ ಕೇಳಿಸಿಕೊಂಡು, ‘ಅಳಬೇಡ. ಎಲ್ಲಿ ರುಜು ಹಾಕಬೇಕು ತೋರಿಸು, ಹಾಕ್ತೀನಿ,’ ಎಂದಳು.

ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ನೋಟರಿ ಕುಮರೇಶನ್ ತಮ್ಮ ಕೆಲಸವನ್ನು ಬಹಳ ಗಂಭೀರವಾಗಿ ತೆಗೆದುಕೊಂಡವರು. ಕೋರ್ಟಿನ ಎದುರು, ಝೆರಾಕ್ಸ್ ಅಂಗಡಿಯ ಪಕ್ಕದ ಕೋಣೆಯಲ್ಲಿ ಅವರು ಒಪ್ಪಿಗೆ ಪತ್ರವನ್ನು ಓದಿದರು. ‘ಮೇಲೆ ಅಂಟಿಸಿರುವ ಚಿತ್ರದಲ್ಲಿ ಇರುವುದು ನಾನೇ’ ಎಂಬ ಸಾಲಿನ ಮೇಲೆ ಅವರ ಬೆರಳು ನಿಂತಿತು. ಲೇಬಲ್ಲನ್ನು ನೋಡಿದರು. ಅಜ್ಜಿಯನ್ನು ನೋಡಿದರು.

‘ಇವರನ್ನು ಯಾಕೆ ಕರೆತಂದಿರಿ? ಚಿತ್ರದಲ್ಲಿ ಇರುವವರನ್ನು ಕರೆದುಕೊಂಡು ಬನ್ನಿ.’

‘ಇವರೇ ಅವರು ಸಾರ್.’

‘ಚಿತ್ರದಲ್ಲಿ ಇರುವವರು ಸುಮಂಗಲಿ.’

‘ಅದು ಕಂಪ್ಯೂಟರಿನಲ್ಲಿ ಮಾಡಿಸಿದ್ದು.’

‘ನಾನು ಕಂಪ್ಯೂಟರಿಗೆ ಸೀಲು ಹಾಕೋಕಾಗಲ್ಲ. ಆಧಾರ್ ಕೊಡಿ.’ ಆಧಾರ್ ಕಾರ್ಡಿನ ಫೋಟೋದಲ್ಲಿ ಅಜ್ಜಿ ಯಾರೋ ಹೊಡೆಯಲು ಬಂದಾಗ ತೆಗೆದಂತೆ ಇದ್ದಳು. ಕುಮರೇಶನ್ ಮೂರನ್ನೂ ಸಾಲಾಗಿ ಜೋಡಿಸಿದರು. ‘ಈಗ ಮೂವರಾದರು,’ ಎಂದರು ದುಃಖದಿಂದ.

ಅಜ್ಜಿಗೆ ಇದೆಲ್ಲ ಬಹಳ ಹಿಡಿಸಿತ್ತು. ‘ನನಗೆ ಅಕ್ಕತಂಗೀರು ಇಲ್ಲ ಅಂತ ಕೊರಗಿದ್ದೆ,’ ಎಂದು ನನಗೆ ಕನ್ನಡದಲ್ಲಿ ಹೇಳಿದಳು.

ಮಾವ ಸುತ್ತ ನೋಡಿದರು. ನೋಟರಿಯ ಮೇಜಿನ ಹಿಂದೆ ಗಣಪತಿಯ ಪಟ, ಪಟದ ಕೆಳಗೆ ಹಿತ್ತಾಳೆಯ ಕುಂಕುಮದ ಬಟ್ಟಲು. ಅವರ ಮುಖದಲ್ಲಿ ಆ ತಿರುಪ್ಪೂರಿನ ಸಭೆಯ ಬೆಳಕು ಮತ್ತೆ ಬಂತು.

‘ಐದೇ ನಿಮಿಷ ಅವ್ವ,’ ಎಂದರು. ‘ಸುಮ್ಮ ಒಂದು ಬೊಟ್ಟು. ಸಾರ್ ನೋಡಿ ಸೀಲು ಹಾಕಿದ ಮೇಲೆ ಒರೆಸಿಬಿಡೋದು.’

ಟೈಪು ಮಾಡುತ್ತಿದ್ದ ಹುಡುಗಿಯ ಕೈ ನಿಂತಿತು. ಝೆರಾಕ್ಸಿನವನೂ ಇಣುಕಿದ. ಕುಮರೇಶನ್ ಏನೋ ಹೇಳಲು ಹೋಗಿ, ಅದು ಕಾನೂನಿಗೆ ಸಂಬಂಧಪಟ್ಟ ವಿಷಯವಲ್ಲವೆಂದು ಸೀಲಿನ ಪ್ಯಾಡನ್ನು ಸರಿಮಾಡತೊಡಗಿದರು.

ಜಾನಮ್ಮಜ್ಜಿ ಕುರ್ಚಿಯಲ್ಲಿ ನೆಟ್ಟಗೆ ಕೂತು, ಮುಖವನ್ನು ಮಗನ ಕಡೆಗೆ ಎತ್ತಿ, ಕಣ್ಣು ಮುಚ್ಚಿದಳು. ‘ಇಡು,’ ಎಂದಳು. ‘ನೀನೇ ಇಡು.’

ಮಾವ ಬೆರಳನ್ನು ಬಟ್ಟಲಿನಲ್ಲಿ ಅದ್ದಿದರು. ಬೆರಳು ಅಜ್ಜಿಯ ಹಣೆಯ ತನಕ ಹೋಯಿತು. ಅಲ್ಲಿಂದ ಮುಂದೆ ಹೋಗಲಿಲ್ಲ. ಹಿಂದಕ್ಕೂ ಬರಲಿಲ್ಲ. ಫ್ಯಾನಿನ ಗಾಳಿಗೆ ಒಂದಿಷ್ಟು ಕುಂಕುಮ ಉದುರಿ ಒಪ್ಪಿಗೆ ಪತ್ರದ ಮೇಲೆ ಬಿತ್ತು. ಅಜ್ಜಿ ಕಣ್ಣು ತೆರೆಯಲಿಲ್ಲ, ಕಾಯುತ್ತಲೇ ಇದ್ದಳು. ಕೊನೆಗೆ ಮಾವ ಬೆರಳನ್ನು ತಮ್ಮ ಹೆಗಲ ಮೇಲಿನ ಬಿಳಿ ತುಂಡಿಗೆ ಒರೆಸಿಕೊಂಡರು.

‘ಬೇಡ ಅವ್ವ. ಲೇಬಲ್ ಬದಲಾಯಿಸ್ತೀನಿ.’

‘ಮದುವೆ ಆರ್ಡರು?’

‘ಹೋಗ್ಲಿ ಬುಡು.’

ಅಜ್ಜಿ ಕಣ್ಣು ತೆರೆದು ಮಗನನ್ನು ನೋಡಿದಳು. ಆಮೇಲೆ ಎದ್ದು, ನೋಟರಿಗೆ ಕೈ ಮುಗಿದು, ಹೊರಗೆ ಬಂದು ಟೀ ಅಂಗಡಿಯ ಬೆಂಚಿನ ಮೇಲೆ ಕೂತಳು. ‘ಏನು ಹೋಗ್ಲಿ?’ ಎಂದಳು. ‘ಆ ಅಂಗಡಿಯವನ ಹತ್ರ ನನ್ನ ಕರಕೊಂಡು ಹೋಗು. ಮೊದಲು ಒಂದು ಫೋಟೋ ತೆಗೆಸು. ಮುರುಗೇಶನ್ ಹತ್ರ ಬೇಡ.’

ಹೊಸ ಫೋಟೋ, ಹೊಸ ಲೇಬಲ್, ಹೊಸ ಅರ್ಜಿ ಆದವು. ಚಿತ್ರದಲ್ಲಿರುವುದು ಇವರೇ ಎಂದು ಕುಮರೇಶನ್ ಈ ಸಲ ನಿಟ್ಟುಸಿರಿಟ್ಟು ಸೀಲು ಒತ್ತಿದರು. ಅಣ್ಣ ತಂಗಿಯರಿಬ್ಬರೂ ಪರಸ್ಪರ ತಕರಾರಿಲ್ಲವೆಂದು ಬರೆದುಕೊಟ್ಟರು. ಇಂದುಜಾ ರುಜು ಹಾಕುವ ಮೊದಲು ಅಣ್ಣನಿಂದ, ಚಿತ್ರದಲ್ಲಿ ಇರುವವರ ಕಣ್ಣು ಒಳ್ಳೆಯ ಕಣ್ಣು ಎಂದು ಎಲ್ಲರ ಮುಂದೆ ಹೇಳಿಸಿಕೊಂಡಳು. ಆಮೇಲೆ ಮಾವ, ಅಜ್ಜಿ, ನಾನು ಮೂವರೂ ಒಪ್ಪಣಕಾರ ಬೀದಿಗೆ ಹೋದೆವು.

ಅಂಗಡಿಯ ಖರೀದಿ ಮ್ಯಾನೇಜರು ರಾಜ್‌ಕುಮಾರ್ ಎಂಬ ಯುವಕ. ಹೊಸ ಲೇಬಲ್ ನೋಡಿ ಸಂಕಟಪಟ್ಟ. ‘ತಪ್ಪು ತಿಳಿಯಬೇಡಿ ಅಮ್ಮ. ನನಗೇನೂ ಇಲ್ಲ. ಆದರೆ ಮದುವೆಗೆ ಅಂತ ಬರುವ ಜನ...’

‘ನಿಮ್ಮ ಮದುವೆ ಆಯ್ತಾ ತಂಬಿ?’ ಎಂದು ಅಜ್ಜಿ ತಮಿಳಿನಲ್ಲಿ ಕೇಳಿದಳು.

‘ಆಯ್ತುಂಗ.’

‘ಎಷ್ಟು ಸಲ?’

‘ಒಂದೇ ಸಲ ಅಮ್ಮ.’

‘ಹೋದ ವರ್ಷ ಎಷ್ಟು ಸಾವಿನ ಮನೆಗೆ ಹೋಗಿದ್ದೀರಿ?’

ಅವನು ಯೋಚಿಸಿದ. ಬೆರಳು ಮಡಿಸಿ ಎಣಿಸತೊಡಗಿದ.

‘ಮದುವೆ ಮನೇಲಿ ಅವರು ನಮಗೆ ಒಂದು ತುಂಡು ಕೊಡ್ತಾರೆ,’ ಎಂದಳು ಅಜ್ಜಿ. ‘ಸಾವಿನ ಮನೆಗೆ ನಂಟರೆಲ್ಲ ಒಂದೊಂದು ತರಬೇಕು. ಕರ್ಮದ ದಿನ ರುಮಾಲು ಕಟ್ಟೋಕೆ ಭಾವಮೈದುನರು ಇನ್ನೊಂದೊಂದು ತರಬೇಕು. ಅದಕ್ಕೆ ಯಾರಾದ್ರೂ ಮುಹೂರ್ತ ನೋಡ್ತಾರಾ? ಆಷಾಢ ಅಂತ ನಿಲ್ಲುತ್ತಾ? ಆವತ್ತು ಬೊಟ್ಟು ಇಟ್ಟು, ಹೂ ಮುಡಿದು ನಗೋಳ ಚಿತ್ರ ತಗೊಂಡು ಹೋದ್ರೆ ಚೆನ್ನಾಗಿರುತ್ತಾ? ನನ್ನ ತಗೊಂಡು ಹೋಗ್ಲಿ. ನಾನು ಅದಕ್ಕೆ ಸರಿಯಾಗಿದೀನಿ.’

ರಾಜ್‌ಕುಮಾರ್ ಕ್ಯಾಲ್ಕುಲೇಟರನ್ನು ಹತ್ತಿರ ಎಳೆದುಕೊಂಡ. ಒತ್ತಿದ. ಇನ್ನೊಮ್ಮೆ ಒತ್ತಿದ. ಆಮೇಲೆ ಬಹಳ ಮರ್ಯಾದೆಯಿಂದ ಎಲ್ಲರಿಗೂ ಕಾಫಿ ತರಿಸಿದ.

ಆರ್ಡರು ಮೊದಲಿಗಿಂತ ದೊಡ್ಡದಾಗಿತ್ತು. ಮಾವ ಅದನ್ನು ಓದುತ್ತ ಓದುತ್ತ ತಮ್ಮ ಹಳೆಯ ಗತ್ತಿಗೆ ಮರಳಿದರು; ಈ ಉಪಾಯ ತಮಗೂ ಹೊಳೆದಿತ್ತೆಂದು, ತಾಯಿಯ ಬಾಯಿಂದ ಬರಲಿ ಎಂದು ಸುಮ್ಮನಿದ್ದದ್ದೆಂದು ರಾಜ್‌ಕುಮಾರನಿಗೆ ಹೇಳತೊಡಗಿದರು. ಅವನು ಅರ್ಧ ಕೇಳಿ, ಫೋನು ತೆಗೆದು ಎದ್ದು ನಿಂತ.

‘ಸಾರ್, ನಮ್ಮ ಅಂಗಡಿಯ ಜಾಹೀರಾತಿಗೆ ಅಮ್ಮನ ಒಂದು ಫೋಟೋ ತೆಗೆದುಕೊಳ್ಳಲಾ?’

ಮಾರ್ಕಿನ ಮಾಲೀಕರು ‘ಧಾರಾಳವಾಗಿ’ ಎಂದು ಹೇಳಲು ಬಾಯಿ ತೆರೆದರು. ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದರು. ಎದ್ದು, ಕುರ್ಚಿಯನ್ನು ಹಿಂದಕ್ಕೆ ಸರಿಸಿ, ದಾರಿ ಬಿಟ್ಟು ನಿಂತರು.

‘ಅವರನ್ನ ಕೇಳಿ,’ ಎಂದರು.

ಅಜ್ಜಿ ಕಾಫಿ ಲೋಟವನ್ನು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಆ ಯುವಕನನ್ನು ಮೇಲಿನಿಂದ ಕೆಳಗೆ ನೋಡಿದಳು.

‘ನಗಬೇಕಾ, ಸುಮ್ಮನಿರಬೇಕಾ?’ ಎಂದಳು. ‘ಎರಡಕ್ಕೂ ಬೇರೆ ಬೇರೆ ರೇಟು.’